ಗಾಳಿ ಸೋರಿದ ಅಕ್ಷರ

ಗಾದಿಲಿಂಗಪ್ಪನವರು ಕಿವಿಯಲ್ಲಿ ಮಂತ್ರ ಹೇಳಿದ ದಿನ
ಅವರ ಮುಂದಿನ ಎರಡು ಹಲ್ಲು ಇರಲಿಲ್ಲ.
ಎರಡನೇ ಅಕ್ಷರ ಹೊರಡುವಾಗ
ಸೈಕಲ್ ಟ್ಯೂಬಿನ ಹಾಗೆ ಗಾಳಿ ಸೋರಿತು.
ನಾನು ಸೋರಿದ್ದನ್ನೇ ಕೇಳಿಸಿಕೊಂಡೆ,
ಸೋರಿದ್ದನ್ನೇ ಸೆರಗಲ್ಲಿ ಕಟ್ಟಿಕೊಂಡು
ಕೌಲ್ ಬಜಾರಿನ ಓಣಿಯಲ್ಲಿ ಮನೆಗೆ ತಂದೆ.

ಅದಕ್ಕೂ ಮೊದಲು ಮೂರು ತಿಂಗಳು
ಬರೀ ಕೂರಿಸಿದ್ದರು, ಮಾಳಿಗೆ ಮೇಲೆ.
ಕೋಟೆಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ಹತ್ತರ ತನಕ ನಮ್ಮ ಕಡೆ ಊದುತ್ತಿತ್ತು.
"ಮಂತ್ರ ಆಮೇಲೆ ಹುಲಿಗೆಮ್ಮ. ಮೊದಲು ಬೆನ್ನು ತಗೊಂಡು ಬಾ."
ಹದಿನಾಲ್ಕು ವರ್ಷ ಮಷಿನ್ನಿನ ಮೇಲೆ ಬಗ್ಗಿದವಳು,
ಬೆನ್ನು ಎಲ್ಲಿಂದ ತರಲಿ?
ಅವರು ರೈಲ್ವೆ ಗಾರ್ಡ್ ಆಗಿದ್ದವರು.
"ಹಸಿರು ತೋರಿಸೋ ತನಕ ಗಾಡಿ ನಿಂತಿರಬೇಕವ್ವ,
ನಿಲ್ಲೋದು ಗಾಡಿಯ ಅರ್ಧ ಕೆಲಸ" ಅಂದರು.
ನಿಂತೆ. ಕೂತೆ. ಸೊಳ್ಳೆ ಕಚ್ಚಿಸಿಕೊಂಡೆ.
ಮೂಗಿನ ತುದಿಯಲ್ಲಿ ಉಸಿರು
ಬಾಡಿಗೆ ಕೇಳುವವರ ಹಾಗೆ ಬಂದು ಬಂದು ಹೋಯಿತು.

ನನ್ನದು ಜೀನ್ಸ್ ಜೇಬಿನ ಮೂಲೆ.
ಹರಿಯಬಾರದೆಂದು ಅಲ್ಲೊಂದು ಗಟ್ಟಿ ಹೊಲಿಗೆ,
ಬೇರೆ ಯಾರೂ ನೋಡದ ಅಡ್ಡಗೆರೆ.
ಒಂದು ಮೂಲೆಗೆ ಒಂದು ಸಲ ಮಂತ್ರ,
ಒಂದು ಪ್ಯಾಂಟಿಗೆ ನಾಲ್ಕು,
ಬಂಡಲ್ ಕಟ್ಟುವಾಗ ಎಷ್ಟಾಯಿತೆಂದು
ಮೇಸ್ತ್ರಿಯ ಪುಸ್ತಕವೇ ಹೇಳುತ್ತಿತ್ತು.
ಪಕ್ಕದ ಮಷಿನ್ನಿನ ಮೌಲಾಬಿಯ ತುಟಿಯೂ ಅಲ್ಲಾಡುತ್ತಿತ್ತು.
ಏನೆಂದು ನಾನು ಕೇಳಲಿಲ್ಲ.
ಅವಳೂ ಕೇಳಲಿಲ್ಲ.
ನೂಲು ಮುಗಿದರೆ ಮಾತ್ರ ಒಬ್ಬರಿಗೊಬ್ಬರು ಕೊಟ್ಟೆವು.

ಬೆರಳ ಗೆಣ್ಣುಗಳೆಲ್ಲ ನೀಲಿ.
ಎಷ್ಟು ತಿಕ್ಕಿದರೂ ಹೋಗದ ಆ ನೀಲಿಯ ಮೇಲೆ
ಹೆಬ್ಬೆರಳು ಹತ್ತಿ ಇಳಿದು
ವರ್ಷ ಎರಡಾಯಿತು, ಮೂರಾಯಿತು.
ಒಂದು ಗುರುವಾರ ಜಂಬದಿಂದಲೇ ಹೇಳಿದೆ:
"ಅಪ್ಪಾರೆ, ಲಕ್ಷ ದಾಟಿತು."
ಅವರು ಬೆಲ್ಲದ ಚಹಾ ಆರಿಸುತ್ತಾ
"ದಾಟಿದ್ದು ಯಾರು?" ಅಂದರು.
ನನಗೆ ಸಿಟ್ಟು ಬಂತು.
ಲೆಕ್ಕ ಕೊಟ್ಟವಳಿಗೆ ಕೂಲಿ ಕೊಡದೆ
ಒಗಟು ಕೊಟ್ಟು ಕಳಿಸಿದ ಹಾಗೆ.

ಮರುವಾರ, ಮಟಮಟ ಮಧ್ಯಾಹ್ನ, ಕರೆಂಟು ಹೋಯಿತು.
ನಲವತ್ತು ಮಷಿನ್ನು ಒಟ್ಟಿಗೆ ಬಾಯಿ ಮುಚ್ಚಿದವು.
ನನ್ನೊಳಗೂ.
ಒಂದು ಅಕ್ಷರ ಇಲ್ಲ.
ಹುಡುಕಿದೆ, ಬಿದ್ದ ಸೂಜಿ ಹುಡುಕುವಂತೆ,
ಕಾಲಿನಿಂದ, ಅಂಗೈಯಿಂದ, ಉಸಿರು ಬಿಗಿಹಿಡಿದು.
ಮೂರು ವರ್ಷ ಜಪ ಮಾಡಿದ್ದು ಮೋಟಾರು,
ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.
ಮೌಲಾಬಿಯ ತುಟಿ ಮಾತ್ರ
ಆ ಕತ್ತಲಲ್ಲೂ ಅಲ್ಲಾಡುತ್ತಲೇ ಇತ್ತು.

ಅದೇ ಸಂಜೆ ಮಾಳಿಗೆ ಹತ್ತಿದೆ.
ಹೇಳಿದೆ. ಅತ್ತೆ ಕೂಡ.
ಗಾದಿಲಿಂಗಪ್ಪನವರು ನಕ್ಕರು,
ನಕ್ಕಾಗ ಬಾಯ್ತುಂಬ ಹೊಸ ಹಲ್ಲು,
ಮಗಳು ಗುಂತಕಲ್ಲಿನಲ್ಲಿ ಕಟ್ಟಿಸಿ ಕೊಟ್ಟದ್ದು.
"ಇವತ್ತು ನಿಜ ಹೇಳಿದಿ ನೋಡು.
ಇನ್ನು ಒಂದರಿಂದ ಶುರು ಮಾಡು."
"ಒಂದೂ ನೆನಪಿಲ್ಲ. ಮತ್ತೊಮ್ಮೆ ಕೊಡಿ."

ಕಿವಿಯ ಹತ್ತಿರ ಬಗ್ಗಿ ಹೇಳಿದರು.
ಎರಡನೇ ಅಕ್ಷರ ಈಗ
ಸಾಣೆ ಹಿಡಿದ ಕತ್ತರಿ ಹಾಗೆ, ಅಂಚು ಸಮೇತ ಬಂತು.
ನನ್ನದಲ್ಲ ಅದು. ನಾನು ಅಂದದ್ದು ಅದಲ್ಲ.
ಹಾಗಾದರೆ ಲಕ್ಷ ಸಲವೂ ತಪ್ಪೇ?
ಕೇಳಿಯೇಬಿಟ್ಟೆ.

ಅವರು ತುಂಬ ಹೊತ್ತು ಸುಮ್ಮನಿದ್ದರು.
ದೂರದಲ್ಲಿ ಅದಿರಿನ ಗೂಡ್ಸು
ಉದ್ದಕ್ಕೂ, ಮುಗಿಯದೆ, ಹೋಗುತ್ತಲೇ ಇತ್ತು.
ಅವರ ಬೆರಳು ಡಬ್ಬಿ ಎಣಿಸುತ್ತಿತ್ತೋ
ಜಪ ಮಾಡುತ್ತಿತ್ತೋ ತಿಳಿಯಲಿಲ್ಲ.
ಕೊನೆಯ ಡಬ್ಬಿಯ ಕೆಂಪು ದೀಪ ಹೋದ ಮೇಲೆ
ಸ್ಟೀಲ್ ಲೋಟದಲ್ಲಿ ನೀರು ತರಿಸಿದರು,
ಎರಡೂ ಕೈಯಿಂದ ಹಲ್ಲಿನ ಸೆಟ್ಟು ತೆಗೆದು
ಮೆಲ್ಲಗೆ ಅದರೊಳಗೆ ಮುಳುಗಿಸಿದರು.
ಕೆನ್ನೆ ಒಳಕ್ಕೆ ಬಿದ್ದು
ಒಮ್ಮೆಗೇ ಇಪ್ಪತ್ತು ವರ್ಷ ಮುದುಕರಾದರು.

ಮತ್ತೆ ಬಗ್ಗಿದರು.
ಚಹಾದ ಬೆಲ್ಲದ ವಾಸನೆ. ಬಿಸಿ ಗಾಳಿ.
ಎರಡನೇ ಅಕ್ಷರ ಸೋರಿತು.